ತೊಗರಿ ಹೊಟ್ಟಿನ ಊರಲ್ಲಿ ನನ್ನ ಪೋರ್ಷೆ ಕೇಮನ್

ಮುಂದಿನ ಬಂಪರ್ ಬಿಚ್ಚಿ ಕೆಳಗಿಟ್ಟಾಗ ಮೊದಲು ಕಂಡದ್ದು ತೊಗರಿ ಹೊಟ್ಟು. ಎಡಗಡೆಯ ಗೂಡಿನಿಂದಲೇ ಅರ್ಧ ಬಕೆಟ್ ಬಂತು. ಅದರ ಜೊತೆ ಒಣಗಿದ ಬೇವಿನ ಹೂವು, ಎಲೆ, ಗುಬ್ಬಿಯ ಪುಕ್ಕ, ಪ್ಲಾಸ್ಟಿಕ್ ಚೂರು. ಎಲ್ಲಕ್ಕೂ ಕರಿ ಮಣ್ಣಿನ ಧೂಳು ಮೆತ್ತಿಕೊಂಡು, ಕಂಬಳಿ ತುಂಡಿನ ಹಾಗೆ ಒಂದೇ ಪದರವಾಗಿತ್ತು. ಅಪ್ಪ ಅದರಿಂದ ಒಂದು ಕಾಳು ಆರಿಸಿ, ಬೆರಳಲ್ಲಿ ತಿರುವಿ ನೋಡಿದರು. "ಇದು ನಮ್ ಮಿಲ್ಲಿಂದೇ ಅದ ತಮ್ಮಾ," ಅಂದರು.

ಗಾಡಿ 2010ರ ಪೋರ್ಷೆ ಕೇಮನ್. ನಾನು ಕಲಬುರಗಿಯವನು, ಮನೆತನದ್ದು ದಾಲ್ ಮಿಲ್. 2019ರಲ್ಲಿ ಬೆಂಗಳೂರಿನ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಈ ಧೂಳಲ್ಲಿ, ಈ ಬಿಸಿಲಲ್ಲಿ, ಶೋರೂಮ್ ಇಲ್ಲದ ಊರಲ್ಲಿ ಇದನ್ನು ಹೇಗೆ ಇಟ್ಟುಕೊಂಡಿದ್ದೀರಿ ಅಂತ ಬಹಳ ಜನ ಕೇಳುತ್ತಾರೆ. ನಾನು ಮಾಡಿದ್ದನ್ನು ಮಾಡಿದ ಹಾಗೆಯೇ ಹೇಳುತ್ತೇನೆ.

ನನಗೆ ಈ ಕಂಪನಿ ಮೇಲೆ ಮನಸ್ಸು ಬಿದ್ದದ್ದು ಒಂದು ಮಿಲ್ಲಿನ ಕಥೆಯಿಂದ. ಫರ್ಡಿನಾಂಡ್ ಪೋರ್ಷೆ 1931ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಡಿಸೈನ್ ಆಫೀಸ್ ತೆರೆದರು. ಫೋಕ್ಸ್‌ವ್ಯಾಗನ್ ಬೀಟಲ್ ರೂಪುಗೊಂಡದ್ದು ಅಲ್ಲೇ. ಯುದ್ಧದ ಕಾಲದಲ್ಲಿ ಹಿಟ್ಲರನ ಸರ್ಕಾರಕ್ಕೆ ಟ್ಯಾಂಕ್ ಡಿಸೈನ್ ಮಾಡಿಕೊಟ್ಟದ್ದೂ ಇದೇ ಆಫೀಸು, ಅದನ್ನು ಬಿಟ್ಟು ಈ ಕಥೆ ಹೇಳಬಾರದು. 1944ರಲ್ಲಿ ಬಾಂಬ್ ದಾಳಿ ಜಾಸ್ತಿಯಾದಾಗ ಆಫೀಸು ಆಸ್ಟ್ರಿಯಾದ ಗ್ಮುಂಡ್ ಅನ್ನೋ ಸಣ್ಣ ಊರಿಗೆ ಹೋಯಿತು. ಅಲ್ಲಿ ಅವರಿಗೆ ಸಿಕ್ಕ ಜಾಗ ಒಂದು ಹಳೆಯ ಕಟ್ಟಿಗೆ ಕೊಯ್ಯುವ ಮಿಲ್. ಯುದ್ಧ ಮುಗಿದ ಮೇಲೆ ತಂದೆಯನ್ನು ಫ್ರಾನ್ಸ್‌ನಲ್ಲಿ ಜೈಲಿಗೆ ಹಾಕಿದರು. ಕೆಲಸ ಮಗ ಫೆರಿಯ ಮೇಲೆ ಬಿತ್ತು. ಪೋರ್ಷೆ ಹೆಸರಿನ ಮೊದಲ ಸ್ಪೋರ್ಟ್ಸ್ ಕಾರು, 356 ನಂಬರ್ ಒಂದು, ಆ ಗ್ಮುಂಡ್‌ನಲ್ಲಿ ತಯಾರಾಗಿ 1948ರ ಜೂನ್ 8ರಂದು ರಸ್ತೆಗಿಳಿಯಲು ಅನುಮತಿ ಪಡೆಯಿತು. ಅಲ್ಯೂಮಿನಿಯಂ ತಗಡನ್ನು ಕೈಯಲ್ಲಿ ಬಡಿದು ಮಾಡಿದ ಬಾಡಿ. ಬೀಟಲ್‌ನಿಂದ ಬಂದ ಇಂಜಿನ್, ಶಕ್ತಿ ಬರೀ 35 ಕುದುರೆ.

ಮಿಲ್ಲಿನಲ್ಲೇ ಬೆಳೆದವನಿಗೆ ಇದು ಸುಮ್ನೆ ಓದಿ ಬಿಡುವ ಸಂಗತಿ ಅಲ್ಲ. ಕೈಗೆ ಸಿಕ್ಕ ಬೆಲ್ಟು, ಬೇರಿಂಗು, ತಗಡು ಜೋಡಿಸಿ ಮಷೀನ್ ನಡೆಸುವುದು ಏನು ಅಂತ ನಮಗೆ ಗೊತ್ತು.

ಇನ್ನೊಂದು ವಿಷಯ ಮನಸ್ಸಿನಲ್ಲಿ ನಿಂತಿತು. ಆ ಮೊದಲ ಗಾಡಿಯ ಇಂಜಿನ್ ಇದ್ದದ್ದು ಸೀಟಿನ ಹಿಂದೆ, ಹಿಂದಿನ ಚಕ್ರಗಳ ಮುಂದೆ, ಅಂದರೆ ನಡುವೆ. ಮಾರಾಟಕ್ಕೆ ಬಂದ 356ಗಳಲ್ಲಿ ಅದನ್ನು ತೀರಾ ಹಿಂದಕ್ಕೆ ತಳ್ಳಿದರು. 1963ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ತೋರಿಸಿದ 911ರಲ್ಲೂ ಇಂಜಿನ್ ಹಿಂದೆಯೇ. (ಆಗ ಅದರ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿ ಹೆಸರು ನಮ್ಮದು ಅಂತ ಪ್ಯೂಜೋ ಕಂಪನಿ ತಕರಾರು ಎತ್ತಿದ್ದರಿಂದ 911 ಆಯಿತು.) ರೇಸಿನ ಗಾಡಿಗಳಲ್ಲಿ ನಡುವಿನ ಇಂಜಿನ್ ಮುಂದುವರಿಯಿತು. 1970ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಯ ರೇಸನ್ನು ಮೊದಲ ಬಾರಿ ಗೆದ್ದುಕೊಟ್ಟ 917 ಕೂಡ ಹಾಗೆಯೇ. ಆದರೆ ರಸ್ತೆಯ ಗಾಡಿಗೆ ಅದು ಗಟ್ಟಿಯಾಗಿ ಮರಳಿ ಬಂದದ್ದು 1996ರ ಬಾಕ್ಸ್‌ಟರ್‌ನಲ್ಲಿ. ಅದಕ್ಕೆ ಗಟ್ಟಿ ಛಾವಣಿ ಹಾಕಿ 2005ರಲ್ಲಿ ತಂದದ್ದು ಕೇಮನ್. ನನ್ನ ಗಾಡಿ ಆ ಮೊದಲ ಗಾಡಿಯ ವಂಶದ್ದು ಅಂತ ನಾನು ಅಂದುಕೊಂಡಿರುವುದು ಇದಕ್ಕೇ.

ಬಾಕ್ಸ್‌ಟರ್ ಕಥೆ ಇನ್ನೂ ಸ್ವಲ್ಪ ಹೇಳಬೇಕು, ಯಾಕಂದ್ರೆ ನಾನು ಯಾವ ಗಾಡಿ ಆರಿಸಿದೆ ಅನ್ನುವುದು ಅದರ ಮೇಲೆಯೇ ನಿಂತಿದೆ. 1986ರಲ್ಲಿ ವರ್ಷಕ್ಕೆ ಐವತ್ತು ಸಾವಿರದ ಮೇಲೆ ಗಾಡಿ ಮಾರುತ್ತಿದ್ದ ಕಂಪನಿ 1993ರ ಹೊತ್ತಿಗೆ ಹದಿನೈದು ಸಾವಿರದೊಳಗೆ ಬಂದಿತ್ತು. ಇನ್ನೇನು ಮುಳುಗುತ್ತದೆ ಅನ್ನುವ ಸ್ಥಿತಿ. ವೆಂಡಲಿನ್ ವೀಡಕಿಂಗ್ ಮುಖ್ಯಸ್ಥರಾದ ಮೇಲೆ ಜಪಾನಿನಿಂದ ಟೊಯೋಟಾ ಪದ್ಧತಿ ಬಲ್ಲವರನ್ನು ಕರೆಸಿ ಫ್ಯಾಕ್ಟರಿಯ ಕೆಲಸವನ್ನೇ ತಿದ್ದಿಸಿದರು. ಬಾಕ್ಸ್‌ಟರ್ ಮತ್ತು ಹೊಸ 911 ಎರಡಕ್ಕೂ ಮುಂಭಾಗ ಒಂದೇ. ಬಾಗಿಲು, ಹೆಡ್‌ಲೈಟ್ ಒಂದೇ. ಇದರಿಂದ ದುಡ್ಡು ಉಳಿಯಿತು. ಅದೇ ಸಮಯಕ್ಕೆ, 1948ರಿಂದ ಗಾಳಿಯಲ್ಲಿ ತಣ್ಣಗಾಗುತ್ತಿದ್ದ ಅಡ್ಡ ಸಿಲಿಂಡರಿನ ಇಂಜಿನ್ ಬಿಟ್ಟು, ನೀರಿನಲ್ಲಿ ತಣ್ಣಗಾಗುವ ಹೊಸ ಅಡ್ಡ ಸಿಲಿಂಡರಿನ ಇಂಜಿನ್ ತಂದರು. ಹಳೇ ಅಭಿಮಾನಿಗಳು ಬಹಳ ನೊಂದುಕೊಂಡರು. ನನ್ನ ಮಟ್ಟಿಗೆ, ಆ ಬದಲಾವಣೆ ಆಗದಿದ್ದರೆ ಇವತ್ತು ಕಂಪನಿಯೇ ಇರುತ್ತಿರಲಿಲ್ಲ.

ಆ ಹೊಸ ಇಂಜಿನ್‌ಗಳಲ್ಲಿ ಒಂದು ದುರ್ಬಲ ಜಾಗ ಇತ್ತು. ಒಳಗಿನ ಇಂಟರ್‌ಮೀಡಿಯೇಟ್ ಶಾಫ್ಟಿನ ಬೇರಿಂಗ್. ಅದು ಹೋದರೆ ಇಂಜಿನ್ನೇ ಹೋಗುತ್ತದೆ. ಎಲ್ಲ ಗಾಡಿಗಳಲ್ಲೂ ಹೋಗುವುದಿಲ್ಲ, ಆದರೆ ಬೇರಿಂಗ್ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಮಿಲ್ಲಿನಲ್ಲಿ ಒಂದು ರೋಲರ್ ಬೇರಿಂಗ್ ಹೋದರೆ ಇಡೀ ದಿನ ಕೆಲಸ ನಿಲ್ಲುತ್ತದೆ. 2009ರ ಮಾಡೆಲ್‌ನಿಂದ ಬಾಕ್ಸ್‌ಟರ್, ಕೇಮನ್‌ಗಳಿಗೆ ಆ ಶಾಫ್ಟೇ ಇಲ್ಲದ ಹೊಸ ಇಂಜಿನ್ ಬಂತು. ಹಾಗಾಗಿ ಅದಕ್ಕಿಂತ ಹಳೆಯದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ ಅಂತ ತೀರ್ಮಾನಿಸಿದೆ. ನನ್ನದು 2.9 ಲೀಟರ್, ಆರು ಸಿಲಿಂಡರ್, 265 ಕುದುರೆ ಶಕ್ತಿ, ಏಳು ಗೇರಿನ ಪಿಡಿಕೆ, ಅಂದರೆ ಪೋರ್ಷೆಯ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್.

ಕೊಳ್ಳುವಾಗ ನಾನು ಮೀಟರ್ ನಂಬಲಿಲ್ಲ. ಈ ಗಾಡಿಯ ಕಂಪ್ಯೂಟರಿನಲ್ಲಿ ಇಂಜಿನ್ ಎಷ್ಟು ಗಂಟೆ ಓಡಿದೆ ಅನ್ನುವ ಲೆಕ್ಕ ಇರುತ್ತದೆ. ಸ್ಕ್ಯಾನರ್ ಹಾಕಿಸಿ ತೆಗೆಸಿದೆ. ಮೀಟರಿನಲ್ಲಿ 31,000 ಕಿ.ಮೀ., ಇಂಜಿನ್ ಗಂಟೆ 1,240. ಭಾಗಿಸಿದರೆ ಗಂಟೆಗೆ 25 ಕಿ.ಮೀ. ಬೆಂಗಳೂರಿನ ಟ್ರಾಫಿಕ್ಕಿಗೆ ಸರಿಯಾದ ಲೆಕ್ಕ. ಇದೇ ಹತ್ತೋ ಹನ್ನೆರಡೋ ಬಂದಿದ್ದರೆ ಮೀಟರ್ ತಿರುಗಿಸಿದ್ದಾರೆ ಅಂತ ಅನುಮಾನ ಪಟ್ಟು ಎದ್ದು ಬರುತ್ತಿದ್ದೆ. ಟ್ರ್ಯಾಕ್ಟರ್ ಕೊಳ್ಳುವಾಗ ಗಂಟೆ ಮೀಟರ್ ನೋಡುತ್ತೀವಲ್ವಾ, ಹಾಗೆಯೇ. ಸರ್ವಿಸ್ ದಾಖಲೆ ಪೂರ್ತಿ ಇತ್ತು. ಬೇರೆ ರಾಜ್ಯದ ಗಾಡಿ ಬೇಡ ಅಂದಿದ್ದೆ. ಕರ್ನಾಟಕದಲ್ಲೇ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದ ಗಾಡಿಯಾದರೆ ಮತ್ತೆ ಟ್ಯಾಕ್ಸ್ ಕಟ್ಟುವ ಪ್ರಶ್ನೆ ಇಲ್ಲ. ಕೊಟ್ಟದ್ದು 29 ಲಕ್ಷ. ಬೆಲೆ ಕೇಳಿ ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅವರೇ ಬಂದು, ಬೆಂಗಳೂರಿನಿಂದ ನಾನೂ ಕೂತು ಬರ್ತೀನಿ ಅಂದರು.

ಸುಮಾರು ಆರುನೂರು ಕಿಲೋಮೀಟರ್. ಹಿರಿಯೂರು, ಬಳ್ಳಾರಿ, ಸಿಂಧನೂರು, ಲಿಂಗಸೂಗೂರು. ತಿಂಥಣಿ ಬ್ರಿಜ್ ಹತ್ತಿರ ನಿಲ್ಲಿಸಿ ಕೃಷ್ಣೆಗೆ ಕೈಮುಗಿದೆವು. ಪೋರ್ಷೆಯಲ್ಲಿ ಕೀ ಹಾಕುವ ಜಾಗ ಸ್ಟೀರಿಂಗಿನ ಪಕ್ಕ, ಬಾಗಿಲಿನ ಕಡೆಗೆ ಇರುತ್ತದೆ. ಹಿಂದೆ ಲ ಮಾನ್‌ನಲ್ಲಿ ಡ್ರೈವರುಗಳು ಓಡಿಬಂದು ಗಾಡಿ ಹತ್ತಬೇಕಿತ್ತು, ಒಂದು ಕೈಯಲ್ಲಿ ಸ್ಟಾರ್ಟ್ ಮಾಡುತ್ತಾ ಇನ್ನೊಂದರಲ್ಲಿ ಗೇರ್ ಹಾಕಲು ಅನುಕೂಲ ಅಂತ ಆ ಪದ್ಧತಿಯ ಬಗ್ಗೆ ಹೇಳುತ್ತಾರೆ. ಅಪ್ಪನಿಗೆ ಇದು ಬಹಳ ಹಿಡಿಸಿತು. ಈಗಲೂ ಗಾಡಿ ನೋಡಲು ಬಂದವರಿಗೆ ಮೊದಲು ಅದನ್ನೇ ತೋರಿಸುತ್ತಾರೆ.

ಈಗ ಹೊಟ್ಟಿನ ವಿಷಯ. ಇಂಜಿನ್ ಸೀಟಿನ ಹಿಂದೆ ಇದ್ದರೂ ಈ ಗಾಡಿಯ ರೇಡಿಯೇಟರ್‌ಗಳು ಮುಂದೆ ಇವೆ, ಬಂಪರಿನ ಎಡಬಲದಲ್ಲಿ. ಅವುಗಳ ಮುಂದೆ ಎ.ಸಿ.ಯ ಬಿಸಿ ಹೊರಗೆ ಬಿಡುವ ಕಂಡೆನ್ಸರ್. ಬಂಪರಿನ ಬಾಯಿ ದೊಡ್ಡದು, ನೆಲಕ್ಕೆ ಹತ್ತಿರ. ರಸ್ತೆಯ ಮೇಲಿನದೆಲ್ಲ ನೇರವಾಗಿ ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇಲ್ಲ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಸೇರಿ ಕೂತುಬಿಡುತ್ತದೆ. ಯುರೋಪಿನಲ್ಲಿ ಅದು ಮರದ ಎಲೆ. ನಮ್ಮಲ್ಲಿ ತೊಗರಿ ಹೊಟ್ಟು.

ಮೇ ತಿಂಗಳು, ಹೊರಗೆ 43 ಡಿಗ್ರಿ. ಜಗತ್ ಸರ್ಕಲ್ ಸಿಗ್ನಲ್‌ನಲ್ಲಿ ನಿಂತಿದ್ದೆ. ಯಾವಾಗಲೂ 80ರ ಹತ್ತಿರ ಅಲ್ಲಾಡದೆ ನಿಲ್ಲುವ ಟೆಂಪರೇಚರ್ ಮುಳ್ಳು ಮೇಲೇರತೊಡಗಿತು. ಎ.ಸಿ. ತಂಪು ಕೊಡುವುದೂ ಕಡಿಮೆ ಆಗಿತ್ತು. ಎ.ಸಿ. ಬಂದ್ ಮಾಡಿ ಮೆಲ್ಲಗೆ ಮಿಲ್ಲಿಗೆ ತಂದು ನಿಲ್ಲಿಸಿದೆ. ನಮ್ಮ ಮಿಲ್ಲಿನ ಲಾರಿಗಳನ್ನು ನೋಡಿಕೊಳ್ಳುವ ಚಾಚಾ ಬಂದರು. ನಲವತ್ತು ವರ್ಷದ ಅನುಭವದ ಮಿಸ್ತ್ರಿ. ಮುಂದಿನ ಬಾನೆಟ್ ತೆಗೆದರು, ಡಿಕ್ಕಿ. ಹಿಂದೆ ತೆಗೆದರು, ಅಲ್ಲೂ ಡಿಕ್ಕಿ. "ಸಾವ್ಕಾರ್, ಇದರ ಇಂಜಿನ್ ಎಲ್ಲದ ರೀ?" ಅಂದರು. ಹಿಂದಿನ ಡಿಕ್ಕಿಯಲ್ಲಿ ಎರಡು ಮುಚ್ಚಳ ತೋರಿಸಿದೆ, ಒಂದು ಆಯಿಲ್‌ದು, ಒಂದು ಕೂಲೆಂಟ್‌ದು. ದಿನನಿತ್ಯಕ್ಕೆ ಕೈಗೆ ಸಿಗುವುದು ಅಷ್ಟೇ. ಆಯಿಲ್ ನೋಡಲು ಕಡ್ಡಿ ಕೂಡ ಇಲ್ಲ, ಮೀಟರಿನ ಪರದೆಯಲ್ಲೇ ನೋಡಬೇಕು.

ಬಂಪರ್ ಬಿಚ್ಚುವುದು ಕಷ್ಟದ ಕೆಲಸ ಅಲ್ಲ. ನಕ್ಷತ್ರದ ಆಕಾರದ ಸ್ಕ್ರೂ ಬಿಚ್ಚುವ ಟಾರ್ಕ್ಸ್ ಬಿಟ್ ಬೇಕು. ಮೇಲೆ, ಕೆಳಗೆ, ಎರಡೂ ಚಕ್ರದ ಕಮಾನಿನೊಳಗೆ ಸ್ಕ್ರೂ ಇವೆ. ಬಿಚ್ಚಿದ ಕ್ರಮದಲ್ಲೇ ಅವನ್ನು ರಟ್ಟಿನ ಮೇಲೆ ಚುಚ್ಚಿಟ್ಟೆ. ಇಬ್ಬರು ಬೇಕು, ಒಬ್ಬರೇ ಎಳೆದರೆ ಬಣ್ಣ ಗೀಚುತ್ತದೆ, ಲೈಟಿನ ವೈರ್ ಕಿತ್ತುಹೋಗುತ್ತದೆ. ನಂತರ ಕಂಡೆನ್ಸರನ್ನು ಪೈಪ್ ಬಿಚ್ಚದೆ ಸ್ವಲ್ಪ ಮುಂದಕ್ಕೆ ಸರಿಸಿದೆವು. ಆ ಸಂದಿಯಲ್ಲೇ ಕಂಬಳಿ ಕೂತಿತ್ತು. ಮಿಲ್ಲಿನ ಕಂಪ್ರೆಸರ್ ಪೂರ್ತಿ ಜೋರಿನಲ್ಲಿ ಹಿಡಿಯಬಾರದು, ತೆಳ್ಳಗಿನ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಗಾಳಿ ಕಡಿಮೆ ಮಾಡಿ, ಹಿಂದಿನಿಂದ ಮುಂದಕ್ಕೆ ಊದಿದೆ. ಉಳಿದದ್ದನ್ನು ಮೆತ್ತನೆಯ ಬ್ರಷ್ಷಿನಲ್ಲಿ ತೆಗೆದೆ. ಆ ಹೊಟ್ಟು ತೇವ ಹಿಡಿದು ಅಲ್ಲೇ ಕೂತರೆ ಕಂಡೆನ್ಸರ್ ತುಕ್ಕು ತಿಂದು ಗ್ಯಾಸ್ ಸೋರುತ್ತದೆ. ನನ್ನದು ಅದಕ್ಕೆ ಸ್ವಲ್ಪ ಮೊದಲೇ ಸಿಕ್ಕಿತು. ಆಮೇಲೆ ಬಂಪರಿನ ಬಾಯಿಗೆ ಒಳಗಿನಿಂದ ಸಣ್ಣ ಕಣ್ಣಿನ ಜಾಲರಿ ಹಾಕಿಸಿದೆ. ತೊಗರಿ ಸೀಸನ್ ಮುಗಿದ ಮೇಲೆ, ಮಾರ್ಚಿನಲ್ಲಿ, ಪ್ರತಿ ವರ್ಷ ಒಮ್ಮೆ ಬಿಚ್ಚುತ್ತೇನೆ. ಈಗ ಚಾಚಾನೂ ನಾನೂ ಎರಡು ತಾಸಿನಲ್ಲಿ ಮುಗಿಸುತ್ತೇವೆ.

ಕೂಲೆಂಟ್ ಕಡಿಮೆಯಾದರೆ ಬೋರಿನ ನೀರು ಹಾಕಲೇಬೇಡಿ. ನಮ್ಮ ಕಡೆಯ ಗಡಸು ನೀರು ಬಾಯ್ಲರ್ ಪೈಪನ್ನೇ ಬಿಡುವುದಿಲ್ಲ. ಡಿಸ್ಟಿಲ್ಡ್ ವಾಟರ್ ಮತ್ತು ಕಂಪನಿ ಹೇಳಿದ ಕೂಲೆಂಟ್ ಮಾತ್ರ.

ಸುಗ್ಗಿಯಲ್ಲಿ ಇನ್ನೊಂದು ಎಚ್ಚರ. ಹಳ್ಳಿ ರಸ್ತೆಗಳಲ್ಲಿ ಒಕ್ಕಣೆಗೆ ಬೆಳೆ ಹರವಿರುತ್ತಾರೆ. ಲಾರಿಗೆ ಅದು ಏನೂ ಅಲ್ಲ. ಈ ಗಾಡಿಯ ಹೊಟ್ಟೆ ನೆಲಕ್ಕೆ ಹತ್ತಿರ, ಸೈಲೆನ್ಸರ್ ಕಾದಿರುತ್ತದೆ. ಒಣ ಕಡ್ಡಿ ಕೆಳಗೆ ಸುತ್ತಿಕೊಂಡರೆ ಬೆಂಕಿ ಹತ್ತಬಹುದು. ನಾನು ಅಂಥಲ್ಲಿ ಹೋಗುವುದೇ ಇಲ್ಲ, ತಿರುಗಿ ಬೇರೆ ದಾರಿ ಹಿಡಿಯುತ್ತೇನೆ.

2020ರ ಲಾಕ್‌ಡೌನ್‌ನಲ್ಲಿ ಮಾಡಿದ ತಪ್ಪು ನನ್ನದೇ. ಒಂದೂವರೆ ತಿಂಗಳು ಗಾಡಿ ಮುಟ್ಟಲಿಲ್ಲ. ಬ್ಯಾಟರಿ ಸತ್ತಿತು. ಬ್ಯಾಟರಿ ಇರುವುದು ಮುಂದಿನ ಬಾನೆಟ್ ಕೆಳಗೆ, ಆ ಬಾನೆಟ್ ತೆರೆಯುವುದು ಕರೆಂಟಿನಿಂದ. ಕರೆಂಟ್ ಇಲ್ಲದೆ ತೆರೆಯದು, ತೆರೆಯದೆ ಚಾರ್ಜ್ ಆಗದು. ಇದಕ್ಕೆ ದಾರಿ ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಬಾಕ್ಸ್‌ನಲ್ಲಿದೆ. ಅಲ್ಲಿ ಹೊರಗೆ ಎಳೆಯಬಹುದಾದ ಒಂದು ಪ್ಲಸ್ ಟರ್ಮಿನಲ್ ಇರುತ್ತದೆ. ಅದಕ್ಕೆ ಬೇರೆ ಬ್ಯಾಟರಿಯ ಪ್ಲಸ್, ಬಾಗಿಲಿನ ಲೋಹದ ಕೊಂಡಿಗೆ ಮೈನಸ್ ಹಿಡಿದರೆ ಬಾನೆಟ್ ಟಕ್ ಅಂತ ತೆರೆಯುತ್ತದೆ. ಅವತ್ತೇ ಬ್ಯಾಟರಿಗೆ ಸ್ವಲ್ಪಸ್ವಲ್ಪವೇ ಚಾರ್ಜ್ ಕೊಡುತ್ತಿರುವ ಸಣ್ಣ ಟ್ರಿಕಲ್ ಚಾರ್ಜರ್ ತರಿಸಿದೆ. ಈಗ ಶೆಡ್ಡಿನಲ್ಲಿ ನಿಂತಾಗಲೆಲ್ಲ ಅದು ಚುಚ್ಚಿರುತ್ತದೆ. ವಾರಕ್ಕೊಮ್ಮೆ ಸೇಡಂ ರೋಡಿನಲ್ಲಿ ಏರ್‌ಪೋರ್ಟ್‌ವರೆಗೆ ಹೋಗಿ ಬರುತ್ತೇನೆ, ಆಯಿಲ್ ಸರಿಯಾಗಿ ಕಾಯುವವರೆಗೆ ಓಡಿಸುತ್ತೇನೆ. ಶೆಡ್ಡಿನ ನೆಲ ಶಹಾಬಾದ್ ಕಲ್ಲಿನದು, ಜ್ಯಾಕ್ ಹಾಕುವಾಗ ಕೆಳಗೆ ದಪ್ಪ ಹಲಗೆ ಕೊಡದಿದ್ದರೆ ಕಲ್ಲು ಬಿರುಕು ಬಿಡುತ್ತದೆ.

ಮಳೆಗಾಲಕ್ಕೆ ಮುಂಚೆ ವಿಂಡ್‌ಶೀಲ್ಡ್ ಕೆಳಗಿನ, ಬ್ಯಾಟರಿ ಅಕ್ಕಪಕ್ಕದ ನೀರಿಳಿಯುವ ತೂತುಗಳನ್ನು ಸ್ವಚ್ಛ ಮಾಡಬೇಕು. ಬೇವಿನ ಎಲೆ ಕಟ್ಟಿಕೊಂಡರೆ ನೀರು ಒಳಗೆ ಬರುತ್ತದೆ. ಪೆಟ್ರೋಲ್ ಕನಿಷ್ಠ 95 ಆಕ್ಟೇನ್. ಸ್ಪೀಡ್ ಬ್ರೇಕರ್ ಅಡ್ಡಡ್ಡ ಹತ್ತಿಸಬೇಕು, ಒಂದೊಂದೇ ಚಕ್ರ.

ಟೈರ್ ಮಾತ್ರ ಇಲ್ಲಿ ಸಿಗುವುದಿಲ್ಲ. ಮುಂದೆ 205, ಹಿಂದೆ 235, ಅಳತೆಯೇ ಬೇರೆ ಬೇರೆ. ಪೋರ್ಷೆ ಒಪ್ಪಿದ ಟೈರಿನ ಗೋಡೆಯ ಮೇಲೆ ಎನ್ ಅಕ್ಷರದ ಜೊತೆ ಒಂದು ಅಂಕಿ ಅಚ್ಚಾಗಿರುತ್ತದೆ, ಅದನ್ನೇ ಹುಡುಕುತ್ತೇನೆ. ಸ್ಟೆಪ್ನಿ ಇಲ್ಲ, ಪಂಕ್ಚರ್ ದ್ರವ ಮತ್ತು ಸಣ್ಣ ಪಂಪ್ ಅಷ್ಟೇ. ಹಿಂದಿನ ಎರಡೂ ಸವೆದಿವೆ. ಹೈದರಾಬಾದಿಗೆ ಹೇಳಿದ್ದೇನೆ, ಸೋಮವಾರ ತೊಗರಿಬೇಳೆ ಇಳಿಸಿ ಬರುವ ನಮ್ಮ ಲಾರಿಯಲ್ಲೇ ಬರುತ್ತವೆ. ಹಳೆಯ ಟೈರ್ ಎರಡನ್ನೂ ಚಾಚಾ ಆಗಲೇ ಕೇಳಿಟ್ಟಿದ್ದಾರೆ.