ಸುತ್ತದಂತೆ ತೆಪ್ಪ ನಡೆಸುವುದು ಹೇಗೆ: ಹುಟ್ಟು ಹಿಡಿಯುವ ಹೊಸಬರಿಗೆ

ತೆಪ್ಪಕ್ಕೆ, ಅಂದರೆ ದುಂಡನೆಯ ಹರಿಗೋಲಿಗೆ, ಹಿಂದು ಮುಂದು ಎಂಬುದಿಲ್ಲ. ದೋಣಿಗಿರುವ ಚೂಪು ಮೂತಿಯಿಲ್ಲ, ತಳದಲ್ಲಿ ನೀರು ಸೀಳಿ ದಿಕ್ಕು ಹಿಡಿಯುವ ಏಣೂ ಇಲ್ಲ. ಪಕ್ಕದಲ್ಲಿ ಕೂತು ಹುಟ್ಟು ಹಾಕಿದರೆ ಬುಗುರಿಯ ಹಾಗೆ ತಿರುಗುತ್ತದೆ. 1520ರ ಸುಮಾರಿಗೆ ಆನೆಗೊಂದಿಯಲ್ಲಿ ತುಂಗಭದ್ರಾ ಹೊಳೆ ದಾಟುವುದನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟದ್ದೂ ಇದನ್ನೇ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಸದಾ ಸುತ್ತುತ್ತಲೇ ಇರುತ್ತವೆ. ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಸುತ್ತುವ ಗುಣ ಮಾತ್ರ ಹೋಗಿಲ್ಲ.

ಮೊದಲ ಪಾಠ ಹೊಳೆಯಲ್ಲಿ ಬೇಡವೇ ಬೇಡ. ಗಂಗಾವತಿ ತಾಲ್ಲೂಕಿನ ಸಾಣಾಪುರ ಕೆರೆಯಂಥ ಕಡೆ, ಕಾಲುವೆ ನೀರು ಬಂದು ಬೀಳುವ ಮತ್ತು ಹೊರಹೋಗುವ ಬಾಯಿಗಳಿಂದ ದೂರ, ದಡದ ಹತ್ತಿರ ಸೊಂಟದಾಳದ ನೀರಲ್ಲಿ ಶುರುಮಾಡಿ. ತೆಪ್ಪದಲ್ಲಿ ಅಂಬಿಗರೊಬ್ಬರು ಜೊತೆಗಿರಲೇಬೇಕು. ಬೆಳಗ್ಗೆ 7ರಿಂದ 9ರ ಒಳಗಿನ ಹೊತ್ತು ಒಳ್ಳೆಯದು. ಬಿಸಿಲೇರಿದಂತೆ ಗಾಳಿಯೂ ಏಳುತ್ತದೆ, ನೀರಲ್ಲಿ ಹೆಚ್ಚು ಮುಳುಗದ ಈ ಹಗುರ ಬುಟ್ಟಿಯನ್ನು ಅದು ಎಳೆದುಕೊಂಡು ಹೋಗುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ದಣಿದ ಮೇಲೆ ಗಾಳಿಯೇ ವಾಪಸ್ ತರುತ್ತದೆ.

ಈಜು ಬಂದರೂ ಲೈಫ್ ಜಾಕೆಟ್ ಬೇಕು. ಬಕಲ್‌ಗಳನ್ನೆಲ್ಲ ಹಾಕಿ, ಭುಜದ ಪಟ್ಟಿ ಹಿಡಿದು ಯಾರಿಂದಾದರೂ ಮೇಲಕ್ಕೆ ಎತ್ತಿಸಿ ನೋಡಿ. ಜಾಕೆಟ್ ಕಿವಿಯವರೆಗೆ ಬಂದರೆ ಸಡಿಲವಿದೆ ಎಂದರ್ಥ.

ಹತ್ತುವಾಗ ಅಂಚಿನ ಮೇಲೆ ಕಾಲಿಟ್ಟರೆ ತೆಪ್ಪ ಆ ಕಡೆಗೇ ವಾಲಿ ನೀರು ತುಂಬಿಕೊಳ್ಳುತ್ತದೆ. ಒಂದು ಕೈಯಲ್ಲಿ ಅಂಚು ಹಿಡಿದು, ಬಗ್ಗಿ, ಮೊದಲ ಹೆಜ್ಜೆಯನ್ನೇ ನಟ್ಟನಡುವೆ ಇಟ್ಟು ತಕ್ಷಣ ಕೂತುಬಿಡಿ. ಹುಟ್ಟು ಹಾಕುವವರು ಮುಂದಿನ ಅಂಚಿಗೆ ಮೊಣಕಾಲೂರಿ, ಹೋಗಬೇಕಾದ ಕಡೆಗೆ ಮುಖ ಮಾಡಬೇಕು. ಜೊತೆಗಾರರು ಎದುರು ಅಂಚಿನಲ್ಲಿ ಕೂತರೆ ತೂಕ ಸರಿಹೋಗುತ್ತದೆ. ಫೋಟೊಗೆಂದು ಎದ್ದು ನಿಲ್ಲಬಾರದು.

ಈಗ ಹುಟ್ಟು. ಒಂದು ಕೈ ಹಿಡಿಯ ತುದಿಯಲ್ಲಿ, ಇನ್ನೊಂದು ಹಲಗೆಯಿಂದ ಒಂದು ಗೇಣು ಮೇಲೆ. ಹುಟ್ಟನ್ನು ನೆಟ್ಟಗೆ ನಿಲ್ಲಿಸಿ, ತೋಳು ಚಾಚಿ, ನಿಮ್ಮ ನೇರ ಎದುರಿಗೆ ನೀರಿಗೆ ಇಳಿಸಿ ಎದೆಯ ಕಡೆಗೆ ಎಳೆದುಕೊಳ್ಳಿ. ಮೊದಲ ಅರ್ಧ ಗಂಟೆ ಇಷ್ಟೇ ಸಾಕು. ಎಳೆತ ಎಡಕ್ಕೆ ಜಾರಿದರೆ ತೆಪ್ಪ ಬಲಕ್ಕೆ ತಿರುಗುತ್ತದೆ, ಬಲಕ್ಕೆ ಜಾರಿದರೆ ಎಡಕ್ಕೆ. ತಿರುಗಿತೆಂದು ಗಾಬರಿಯಾಗಿ, ಎಳೆತ ಜಾರಿದ ಕಡೆಯೇ ಇನ್ನೂ ಜೋರಾಗಿ ಹುಟ್ಟು ಹಾಕುವುದು ಹೊಸಬರೆಲ್ಲರ ತಪ್ಪು. ತಿರುವಿನ ವಿರುದ್ಧ ಬದಿಯಲ್ಲಲ್ಲ, ತಿರುಗುತ್ತಿರುವ ಬದಿಯಲ್ಲೇ ಒಂದು ಸಣ್ಣ ಎಳೆತ ಕೊಟ್ಟರೆ ನಿಲ್ಲುತ್ತದೆ.

ಕೈ ಕೂತ ಮೇಲೆ ಹಲಗೆಯನ್ನು ನೀರಿಂದ ಎತ್ತದೆ, ಎದುರಿಗೆ ಅಡ್ಡ ಮಲಗಿಸಿದ 8ರ ಹಾಗೆ ಆಡಿಸಿ. ಎಡಕ್ಕೆ ಹೋಗುವಾಗಲೂ ಬಲಕ್ಕೆ ಬರುವಾಗಲೂ ಹಲಗೆಯ ಮುಖ ತುಸು ಓರೆಯಾಗಿ ನೀರನ್ನು ನಿಮ್ಮ ಕಡೆಗೇ ತರಬೇಕು. ಇದಕ್ಕೆ ಮಣಿಕಟ್ಟು ಪ್ರತಿ ಕೊನೆಯಲ್ಲೂ ಮಗುಚಬೇಕು. ಎಡಬಲದ ತಿರುವು ಒಂದನ್ನೊಂದು ತಿಂದುಹಾಕಿ ತೆಪ್ಪ ಮುಂದೆ ಸರಿಯುತ್ತದೆ. ನೀರು ಚಟಚಟ ಸಿಡಿಯುತ್ತಿದ್ದರೆ ಹಲಗೆ ಪೂರ್ತಿ ಮುಳುಗಿಲ್ಲ. ಚೆನ್ನಾಗಿ ಬಿದ್ದ ಹುಟ್ಟಿಗೆ ಸದ್ದೇ ಇರುವುದಿಲ್ಲ, ಎದುರಿಗೆ ಸಣ್ಣ ಸುಳಿಗಳಷ್ಟೇ ಏಳುತ್ತವೆ.

ತುಂಗಭದ್ರೆಗೆ ಇಳಿಯುವುದು ಇದೆಲ್ಲ ಕೈಗೆ ಬಂದ ಮೇಲೆ, ಅದೂ ಅಂಬಿಗರ ಜೊತೆಯಲ್ಲೇ. ಆನೆಗೊಂದಿ ಇರುವುದು ಅಣೆಕಟ್ಟಿನ ಕೆಳಗೆ. ಇಲ್ಲಿ ಹನಿ ಮಳೆ ಬೀಳದಿದ್ದರೂ ಗೇಟು ಎತ್ತಿದರೆ ಹೊಳೆ ಏರುತ್ತದೆ. ಇಳಿಯುವ ಮುಂಚೆ ನೀರಿನ ಅಂಚಿಗೊಂದು ಕಲ್ಲಿಟ್ಟು 15 ನಿಮಿಷ ಕಾಯಿರಿ. ಕಲ್ಲು ಮುಳುಗಿದರೆ, ನೀರು ಕೆಂಪಾಗಿ ಕಸಕಡ್ಡಿ ತೇಲಿಬಂದರೆ ಅವತ್ತಿಗೆ ಬಿಟ್ಟುಬಿಡಿ. ನೀರು ಬಿಟ್ಟ ದಿನಗಳಲ್ಲಿ ಆಡಳಿತ ತೆಪ್ಪ ನಿಲ್ಲಿಸಿದ್ದರೆ ವಾದಕ್ಕೆ ಹೋಗಬೇಡಿ. ಈ ಹೊಳೆಯಲ್ಲಿ ಮೊಸಳೆಗಳಿವೆ, ಕೈಕಾಲು ಇಳಿಬಿಟ್ಟು ಕೂರಬೇಡಿ.

ಹರಿವ ನೀರನ್ನು ನೇರ ದಾಟಲಾಗದು. ದಡದ ಗುಂಟ ಮೇಲಕ್ಕೆ ಹೋಗಿ ಅಲ್ಲಿಂದ ಬಿಟ್ಟರೆ, ಸೆಳವು ಕೆಳಕ್ಕೆ ಒಯ್ಯುವಷ್ಟರಲ್ಲಿ ಎದುರಿನ ಇಳಿದಾಣ ಸಿಗುತ್ತದೆ. ಬಂಡೆಗಳ ನಡುವಿನ ಇಕ್ಕಟ್ಟಿನಿಂದ ದೂರವಿರಿ. ತೆಪ್ಪ ಮಗುಚಿದರೆ ಅದರ ಮೇಲೆ ಹತ್ತಲು ಹೋಗದೆ, ನೀರು ಬರುವ ಕಡೆಯ ಅಂಚನ್ನು ಹಿಡಿದುಕೊಳ್ಳಿ. ಕೆಳಗಿನ ಕಡೆ ಇದ್ದರೆ ಬಂಡೆಗೂ ತೆಪ್ಪಕ್ಕೂ ನಡುವೆ ಸಿಕ್ಕಿಬೀಳುತ್ತೀರಿ. ಕೈ ತಪ್ಪಿದರೆ ಅಂಗಾತ ತೇಲಿ, ಪಾದ ಮುಂದಿರಲಿ.

ಮುಗಿದ ಮೇಲೆ ತೆಪ್ಪವನ್ನು ಕಲ್ಲಿನ ಮೇಲೆ ಎಳೆಯಬೇಡಿ, ಇಬ್ಬರು ಸೇರಿ ಎತ್ತಿ. ನೆರಳಲ್ಲಿ ಬೋರಲು ಹಾಕಿ, ತಳದ ಮೇಲೆ ಅಂಗೈ ಆಡಿಸಿ ಡಾಂಬರು ಕಿತ್ತ ಜಾಗ ಹುಡುಕಿ, ಪೂರ್ತಿ ಒಣಗಿದ ಮೇಲೆಯೇ ತೇಪೆ ಹಾಕಿ. ಹಸಿ ಮೇಲೆ ಹಾಕಿದ ಡಾಂಬರು ಹಿಡಿಯುವುದಿಲ್ಲ.