ಯಾವ ಕೆಲಸಕ್ಕೆ ಯಾವ ಸ್ಕ್ರೂ, ಯಾವ ಬೋಲ್ಟು?

ಪುಸ್ತಕದ ಶೆಲ್ಫಿನ ಬ್ರಾಕೆಟ್ಟಿಗೆ ನಾನೊಮ್ಮೆ ಜಿಪ್ಸಮ್ ಬೋರ್ಡಿನ ಕಪ್ಪು ಸ್ಕ್ರೂ ಹಾಕಿದ್ದೆ, ಡಬ್ಬಿಯಲ್ಲಿ ಅದೇ ಇತ್ತು. ಕೆಲವು ತಿಂಗಳು ಏನೂ ಆಗಲಿಲ್ಲ. ಒಂದು ರಾತ್ರಿ ಎರಡು ಸ್ಕ್ರೂಗಳ ತಲೆ ಟಕ್ಕಂತ ಹಾರಿ ಶೆಲ್ಫು ಒಂದು ಕಡೆ ಜೋತುಬಿತ್ತು. ಎತ್ತಿ ನೋಡಿದರೆ ಸ್ಕ್ರೂ ಚೂರೂ ಬಗ್ಗಿರಲಿಲ್ಲ, ಬಳಪ ಮುರಿದ ಹಾಗೆ ನೇರವಾಗಿ ತುಂಡಾಗಿತ್ತು. ಬೋರ್ಡಿನೊಳಗೆ ಸರಸರ ಇಳಿಯಲಿ ಅಂತ ಅದನ್ನು ತುಂಬಾ ಗಡುಸು ಮಾಡಿರುತ್ತಾರೆ. ಗಡುಸಾದದ್ದು ಬಗ್ಗುವುದಿಲ್ಲ, ಮುರಿಯುತ್ತದೆ. ಭಾರ ಹೊರುವ ಜಾಗಕ್ಕೆ ಅದು ಬೇಡವೇ ಬೇಡ.

ಬೋಲ್ಟು ಸಾಮಾನ್ಯವಾಗಿ ತೂತಿನಿಂದ ಆಚೆ ಬರುತ್ತದೆ, ಅಲ್ಲಿ ನಟ್ಟು ಬಿಗಿದು ಎರಡೂ ತುಂಡುಗಳನ್ನು ಒತ್ತಿ ಹಿಡಿಯುತ್ತದೆ. ಸ್ಕ್ರೂ ವಸ್ತುವನ್ನೇ ಕಚ್ಚಿಕೊಳ್ಳುತ್ತದೆ. ಹಾಗಾಗಿ ಮೊದಲು ನೋಡಬೇಕಾದ್ದು ಆಚೆ ಕಡೆ ಕೈ ಹೋಗುತ್ತದಾ, ಮತ್ತೆ ಮತ್ತೆ ಬಿಚ್ಚಬೇಕಾಗುತ್ತದಾ ಅಂತ. ಎರಡಕ್ಕೂ ಹೌದು ಅಂದರೆ ಬೋಲ್ಟು ಹಾಕಿ.

ಮರಕ್ಕೆ ವುಡ್ ಸ್ಕ್ರೂ. ಅದರ ತಲೆಯ ಕೆಳಗೆ ಸ್ವಲ್ಪ ಭಾಗ ನುಣ್ಣಗಿರುತ್ತದೆ, ಅಲ್ಲವಾ? ಆ ಭಾಗ ಮೇಲಿನ ಹಲಗೆಯನ್ನು ಕಚ್ಚುವುದಿಲ್ಲ, ಅದಕ್ಕೇ ಬಿಗಿದಾಗ ಎರಡು ಹಲಗೆಗಳ ಮಧ್ಯೆ ಸಂದಿ ಉಳಿಯುವುದಿಲ್ಲ. ಮೊದಲು ಸಣ್ಣ ತೂತು ಕೊರೆಯಿರಿ, ಇಲ್ಲದಿದ್ದರೆ ಅಂಚಿನ ಹತ್ತಿರ ಮರ ಸೀಳುತ್ತದೆ. ಎಷ್ಟು ದಪ್ಪದ ಡ್ರಿಲ್ ಬಿಟ್ ಬೇಕು ಅನ್ನುವುದಕ್ಕೆ, ಬಿಟ್ಟನ್ನು ಸ್ಕ್ರೂ ಮುಂದೆ ಹಿಡಿದು ನೋಡಿ: ನಡುವಿನ ಕಡ್ಡಿ ಮುಚ್ಚಿ, ಎರಡೂ ಪಕ್ಕದಲ್ಲಿ ಥ್ರೆಡ್, ಅಂದರೆ ಕಡ್ಡಿಯ ಸುತ್ತ ಸುರುಳಿಯಾಗಿ ಹೋಗುವ ಏಣು, ಮಾತ್ರ ಕಾಣುತ್ತಿದ್ದರೆ ಅದೇ ಅಳತೆ. ಮರದ ಚೂರು ಅಂಟಿಸಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿಗಾದರೆ ಥ್ರೆಡ್ ಆಳವಾಗಿ, ಅಗಲವಾಗಿ ಇರುವ ಚಿಪ್‌ಬೋರ್ಡ್ ಸ್ಕ್ರೂ ತಗೊಳ್ಳಿ. ದಪ್ಪ ತೊಲೆಗಳಿಗೆ ಕೋಚ್ ಬೋಲ್ಟ್ ಚೆಂದ. ಗುಂಡು ತಲೆ, ಅದರ ಕೆಳಗೆ ಚೌಕದ ಕತ್ತು. ಆ ಕತ್ತು ಮರದೊಳಗೆ ಕೂತರೆ ನಟ್ಟು ತಿರುಗಿಸುವಾಗ ಬೋಲ್ಟು ಜೊತೆಗೆ ಸುತ್ತುವುದಿಲ್ಲ. ನಟ್ಟಿನ ಕೆಳಗೆ ಅಗಲವಾದ ವಾಷರ್ ಇಡಿ, ಸುಮ್ನೆ ಬಿಗಿದರೆ ನಟ್ಟು ಮರದೊಳಗೇ ಹೂತುಹೋಗುತ್ತದೆ.

ತಗಡಿಗೆ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ, ಅದಕ್ಕೆ ತೂತು ನೀವೇ ಕೊರೆದು ಕೊಡಬೇಕು. ತುದಿ ಡ್ರಿಲ್ ಬಿಟ್ಟಿನ ಹಾಗಿದ್ದರೆ ಅದು ತಾನೇ ಕೊರೆದುಕೊಳ್ಳುತ್ತದೆ. ಚಾವಣಿ ಶೀಟಿನ ಸ್ಕ್ರೂಗೆ ರಬ್ಬರ್ ವಾಷರ್ ಇರುತ್ತದೆ. ರಬ್ಬರ್ ಸ್ವಲ್ಪ ಉಬ್ಬಿದ ಕೂಡಲೇ ನಿಲ್ಲಿಸಿ. ಇನ್ನೂ ಬಿಗಿದರೆ ಅದು ಹರಿದು ಅಲ್ಲಿಂದಲೇ ನೀರು ಸೋರುತ್ತದೆ.

ಯಂತ್ರದ ಬೋಲ್ಟಿನಲ್ಲಿ ಅಳತೆ ಓದಲು ಬರಬೇಕು. ಎಂ8×1.25×40 ಅಂದರೆ ದಪ್ಪ 8 ಮಿ.ಮೀ., ಥ್ರೆಡ್ಡಿನಿಂದ ಥ್ರೆಡ್ಡಿಗೆ 1.25 ಮಿ.ಮೀ., ಉದ್ದ 40 ಮಿ.ಮೀ. ಉದ್ದವನ್ನು ತಲೆ ಬಿಟ್ಟು ಅಳೆಯುತ್ತಾರೆ, ಆದರೆ ಮೇಲ್ಮೈಗೆ ಸಮವಾಗಿ ಕೂರುವ ಕೌಂಟರ್‌ಸಂಕ್ ತಲೆ ಇದ್ದರೆ ತಲೆಯೂ ಲೆಕ್ಕಕ್ಕೆ ಸೇರುತ್ತದೆ. ಎಂ8ರಲ್ಲಿ 1 ಮಿ.ಮೀ. ಥ್ರೆಡ್ಡಿನದೂ ಸಿಗುತ್ತದೆ, ನೋಡಲು ಒಂದೇ ಥರ, ಒಂದಕ್ಕೊಂದು ಕೂರುವುದಿಲ್ಲ. ಅದಕ್ಕೇ ಶುರುವಿನಲ್ಲಿ ಸ್ಪ್ಯಾನರ್ ಮುಟ್ಟಬೇಡಿ. ಬೋಲ್ಟನ್ನು ಬೆರಳಲ್ಲಿ ಹಿಡಿದು ನಿಧಾನಕ್ಕೆ ಹಿಂದಕ್ಕೆ ತಿರುಗಿಸಿ, ಸಣ್ಣಗೆ ಟಿಕ್ ಅಂತ ಇಳಿದದ್ದು ಬೆರಳಿಗೆ ಗೊತ್ತಾಗುತ್ತದೆ, ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಥ್ರೆಡ್ ಓರೆ ಹತ್ತುವುದಿಲ್ಲ. ಎರಡು ಮೂರು ಸುತ್ತು ಬೆರಳಲ್ಲೇ ಹೋಗಬೇಕು. ಹೋಗಲಿಲ್ಲ ಅಂದರೆ ಬಲ ಹಾಕದೆ ತೆಗೆದು ನೋಡಿ.

ಬೋಲ್ಟಿನ ತಲೆಯ ಮೇಲೆ 8.8 ಅಂತ ಇದ್ದರೆ ಅದು ಗಟ್ಟಿತನದ ಗುರುತು. ಮೊದಲ 8 ಅಂದರೆ ಸುಮಾರು 800 ಮೆಗಾಪ್ಯಾಸ್ಕಲ್ (ಪ್ರತಿ ಚದರ ಮಿ.ಮೀ.ಗೆ ಬೀಳುವ ಬಲದ ಅಳತೆ) ಎಳೆತಕ್ಕೆ ತುಂಡಾಗುತ್ತದೆ, ಚುಕ್ಕಿಯ ನಂತರದ 8 ಅಂದರೆ ಅದರ ಶೇ. 80ರಷ್ಟಕ್ಕೇ ಶಾಶ್ವತವಾಗಿ ಹಿಗ್ಗಲು ಶುರುವಾಗುತ್ತದೆ. ಎ2-70 ಅಂತ ಗುರುತಿರುವ ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟು ತುಕ್ಕು ತಡೆಯಲು ಒಳ್ಳೆಯದು, ಆದರೆ ಗಟ್ಟಿತನದಲ್ಲಿ 8.8ಕ್ಕಿಂತ ಕಡಿಮೆ. ಬ್ರೇಕಿನ ಬೋಲ್ಟಿಗೆ ತುಕ್ಕು ಹಿಡಿಯಿತು ಅಂತ ಹೊಳೆಯುವ ಸ್ಟೇನ್‌ಲೆಸ್ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಭಯ ಆಗುತ್ತದೆ. ದಯವಿಟ್ಟು ಮೊದಲಿದ್ದ ನಂಬರಿನದೇ ಹಾಕಿ. ಅಲುಗಾಡುವ ಜಾಗಕ್ಕೆ ಒಳಗೆ ಪ್ಲಾಸ್ಟಿಕ್ ಬಳೆ ಇರುವ ನೈಲಾಕ್ ನಟ್ಟು ಬಳಸಿ. ಅದು ಬರೀ ಬೆರಳಲ್ಲಿ ಪೂರ್ತಿ ತಿರುಗುವಷ್ಟು ಸಡಿಲವಾಗಿದ್ದರೆ ಬಳೆ ಸವೆದಿದೆ, ಹೊಸದು ಹಾಕಿ.