ಹೆಸರು ಬದಲಿಸಿದೆ, ಆದರೂ ಗುರುತು ಸಿಕ್ಕಿತು

ದಾವಣಗೆರೆ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳ ಸಾಲದ ಬಗ್ಗೆ ಪಿಎಚ್‌ಡಿ ಕೆಲಸ ಮಾಡುತ್ತಿದ್ದೆ. ಒಬ್ಬ ಅಕ್ಕ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತು, ದನಿ ತಗ್ಗಿಸಿ, ಗಂಡನಿಗೆ ಗೊತ್ತಿಲ್ಲದ ಎರಡನೇ ಸಾಲದ ಕಥೆ ಹೇಳಿದರು. ನಾನು ಹೆಸರು ಬದಲಿಸಿ ಹೀಗೆ ಬರೆದೆ: 'ಅಂಗನವಾಡಿ ಎದುರು ಬಟ್ಟೆ ಹೊಲಿಯುವ, ಅವಳಿ ಮಕ್ಕಳಿರುವ 34 ವರ್ಷದ ಮಹಿಳೆ.' ಕರಡು ಓದಿದ ಅದೇ ತಾಲ್ಲೂಕಿನ ಗೆಳತಿ, 'ಇವರು ಇಂಥವರಲ್ವಾ?' ಎಂದು ನಿಜವಾದ ಹೆಸರನ್ನೇ ಹೇಳಿಬಿಟ್ಟಳು. ಅಚ್ಚಾಗಿದ್ದರೆ ಆ ಮನೆಯಲ್ಲಿ ಏನಾಗುತ್ತಿತ್ತೋ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕ್ಷೇತ್ರಕಾರ್ಯಕ್ಕೆ ಹೊರಟವರಿಗೆ ನಾನು ಮೊದಲು ಹೇಳುವುದು, ಕಡಿಮೆ ಕೇಳಿ. ಆಧಾರ್ ನಂಬರ್ ನಿಮಗೆ ಯಾಕೆ ಬೇಕು? ಹುಟ್ಟಿದ ದಿನಾಂಕದ ಬದಲು ವಯಸ್ಸು ಸಾಕು. ಮತ್ತೆ ಮಾತಾಡಿಸುವುದಿದ್ದರೆ ಮಾತ್ರ ಫೋನ್ ನಂಬರ್ ತಗೊಳ್ಳಿ. ನಿಮ್ಮ ಹತ್ತಿರ ಇಲ್ಲದ ಮಾಹಿತಿ ನಿಮ್ಮಿಂದ ಸೋರುವುದಿಲ್ಲ.

ಒಪ್ಪಿಗೆ ಪತ್ರವನ್ನು ಸುಮ್ನೆ ಓದಿ ಸಹಿ ಹಾಕಿಸಬೇಡಿ. ಅವರ ಮಾತಿನಲ್ಲೇ ಹೇಳಿ: ಈ ರೆಕಾರ್ಡಿಂಗ್ ಯಾರು ಕೇಳುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ನಡುವೆ 'ಬೇಡ' ಅನ್ನಬಹುದು. ಓದು ಬಾರದವರ ಹೆಬ್ಬೆಟ್ಟಿನ ಜೊತೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ. ಅದು ಆರೋಗ್ಯ ಸಂಶೋಧನೆಗೆ ಬರೆದದ್ದು, ಆದರೆ ನಮಗೂ ಒಳ್ಳೆಯದು. ನನ್ನ ಜೊತೆ ಸಾಕ್ಷಿಯಾಗಿ ಬಂದವರು ಸಾಲ ಕೊಡುವ ಸಂಘದ ಅಧ್ಯಕ್ಷೆ! ಸಾಲದ ಕಂತು ಕೇಳುವವರ ಎದುರು ಸಾಲದ ಮಾತು ಯಾರು ಆಡುತ್ತಾರೆ? ಅವರನ್ನು ಕಳಿಸಿ, ಪಕ್ಕದ ಬೀದಿಯ ಶಾಲಾ ಟೀಚರನ್ನು ಕರೆದೆ. 'ಯಾರಿಗೂ ಹೇಳಲ್ಲ' ಎಂದು ಪೂರ್ತಿ ಮಾತು ಕೊಡಲೂ ಬೇಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೋ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕು. ಅದನ್ನು ಮಾತು ಶುರುವಾಗುವ ಮೊದಲೇ ತಿಳಿಸಿ.

ಇನ್ನು ಫೋನು. ರೆಕಾರ್ಡ್ ಮಾಡುವ ಮೊದಲು ಕ್ಲೌಡ್ ಬ್ಯಾಕಪ್ ಆಫ್ ಮಾಡಿ. ಸಂಜೆ ಫೈಲನ್ನು ಲ್ಯಾಪ್‌ಟಾಪಿಗೆ ಹಾಕಿ, ಫೈಲಿಗೆ ಬೀಗ ಹಾಕುವ ತಂತ್ರಾಂಶಗಳಾದ 7-ಜಿಪ್ ಅಥವಾ ವೆರಾಕ್ರಿಪ್ಟ್‌ನಲ್ಲಿ ಪಾಸ್‌ವರ್ಡ್ ಹಾಕಿ ಭದ್ರ ಮಾಡಿ. ಆಮೇಲೆ ಫೋನಿನಿಂದ ಅಳಿಸಿ, ಟ್ರ್ಯಾಶ್‌ನಿಂದಲೂ ಅಳಿಸಿ. ಟೈಪ್ ಮಾಡುವವರಿಗೆ ವಾಟ್ಸಾಪಿನಲ್ಲಿ ಕಳಿಸಬೇಡಿ. ಮಾತನ್ನು ಬರಹ ಮಾಡಿಕೊಡುವ ಪುಕ್ಕಟೆ ವೆಬ್‌ಸೈಟುಗಳಿಗಂತೂ ಹಾಕಲೇಬೇಡಿ. ನನ್ನ ಫೈಲುಗಳಿಗೆಲ್ಲ 'ದ-07' ಥರದ ಗುರುತು ಇತ್ತು. ಯಾವ ಗುರುತು ಯಾರದು ಎನ್ನುವ ಪಟ್ಟಿ ಒಂದೇ ನೋಟ್‌ಬುಕ್ಕಿನಲ್ಲಿ, ಬೀರುವಿನೊಳಗೆ ಬೀಗ ಹಾಕಿ ಇಟ್ಟಿದ್ದೆ. ಸಹಿ ಇರುವ ಪತ್ರಗಳೂ ಅಲ್ಲೇ.

ಬರೆಯುವಾಗಿನ ಕೆಲಸ ಇದಕ್ಕಿಂತ ಕಷ್ಟ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಲತಾನ್ಯ ಸ್ವೀನಿ 2000ದಲ್ಲಿ ತೋರಿಸಿದ್ದು ಇದು: ಪಿನ್‌ಕೋಡ್, ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ, ಈ ಮೂರೇ ಸಾಕು, ಅಲ್ಲಿನ 87 ಶೇಕಡಾ ಜನರನ್ನು ಬೇರೆಯಾಗಿ ಗುರುತಿಸಬಹುದು. ನಮ್ಮ ಹಳ್ಳಿಯಲ್ಲಿ ಅಷ್ಟೂ ಬೇಡ, ಹೊಲಿಗೆ ಮೆಷಿನ್ನೂ ಅವಳಿ ಮಕ್ಕಳೂ ಸಾಕು. ಅದಕ್ಕೇ ಪ್ರತಿ ಪ್ಯಾರಾವನ್ನು ಆ ಊರಿನ ಚಹಾದಂಗಡಿಯಲ್ಲಿ ಕೂತವರ ಕಣ್ಣಿನಿಂದ ಓದುತ್ತೇನೆ. ಯಾವ ಎರಡು ವಿವರ ಸೇರಿದರೆ ಮುಖ ಕಾಣುತ್ತದೆ? ಅವಳಿ ಮಕ್ಕಳನ್ನು ಬಿಟ್ಟೆ. 34 ಹೋಗಿ '30ರಿಂದ 40' ಆಯಿತು. ಬಟ್ಟೆ ಹೊಲಿಯುವುದು 'ಮನೆಯಲ್ಲೇ ದುಡಿಮೆ' ಆಯಿತು, ಅಂಗನವಾಡಿ ಪೂರ್ತಿ ಹೋಯಿತು. ಸುಳ್ಳು ವಿವರ ತುಂಬಿಸಲಿಲ್ಲ, ವಿವರ ಮಸುಕು ಮಾಡಿದ್ದೇನೆ ಎಂದು ಪ್ರಬಂಧದಲ್ಲೇ ಬರೆದೆ. ಜಾತಿಯ ಹೆಸರಿನ ಬಗ್ಗೆ ಜಾಸ್ತಿ ಎಚ್ಚರ ಬೇಕು. ಊರಲ್ಲಿ ಆ ಜಾತಿಯ ಮನೆ ಎರಡೇ ಇದ್ದರೆ, ಕೋಷ್ಟಕದ ಒಂದು ಅಂಕಿಯೇ ವಿಳಾಸ ಹೇಳುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿದೆ. ಅದನ್ನು ನೆಪ ಮಾಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ತಿದ್ದಿದ ಪುಟ ಹಿಡಿದು ಅಕ್ಕನ ಹತ್ತಿರ ಮತ್ತೆ ಹೋದೆ. ಅದೇ ಕಲ್ಲಿನ ಮೇಲೆ ಕೂತು ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, 'ತಾಳಿ ಅಡ ಇಟ್ಟಿದ್ದೊಂದು ತಗದುಬಿಡವ್ವ' ಅಂದರು. ಇಡೀ ಅಧ್ಯಾಯದಲ್ಲಿ ನನಗೆ ತುಂಬಾ ಹಿಡಿಸಿದ್ದ ಮಾತು ಅದೇ. ಅವರ ಎದುರೇ ಪೆನ್ನಿನಲ್ಲಿ ಹೊಡೆದು ಹಾಕಿದೆ.